ಮರುಳಸಿದ್ದಯ್ಯನ ಮಣೆ

ಸಭೆಯ ಹಿರಿಯರಿಗೆ, ನಮ್ಮ ಮಂಡಿಯ ಸಾಹುಕಾರರಾದ ಬಸವರಾಜು ಅವರಿಗೆ, ಮುಂದೆ ಕೂತಿರುವ ಚಿಕ್ಕಗೌರಮ್ಮನವರಿಗೆ — ಅತ್ತಿಗೆ, ನಿಮಗೆ ಮೊದಲು — ಕಾಯಿ ಸುಲಿಯುವ, ಚಿಪ್ಪು ಒಡೆಯುವ, ಮೂಟೆ ಹೊರುವ ಎಲ್ಲ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಈ ಹುಚ್ಚರಂಗಯ್ಯನ ನಮಸ್ಕಾರ.

ನನಗಿಂತ ಮುಂಚೆ ಮಾತಾಡಿದವರು ಮರುಳಸಿದ್ದಯ್ಯನವರು ಅಂದರು, ದಿವಂಗತರು ಅಂದರು, ಅಜಾತಶತ್ರು ಅಂದರು. ಅಜಾತಶತ್ರು — ಅದೊಂದು ಮಾತು ಸುಳ್ಳು. ಒಬ್ಬ ಶತ್ರು ಇದ್ದ. ಅವನೇ ಈಗ ಮೈಕ್ ಮುಂದೆ ನಿಂತಿದ್ದಾನೆ.

ನಗಬೇಡಿ. ಮೂವತ್ತೊಂದು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದೆವು. ಮೂವತ್ತೊಂದು ವರ್ಷವೂ ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗಲೂ ಇದೆ. ಸತ್ತವನ ಮೇಲೆ ಎಂಥದಯ್ಯ ಹೊಟ್ಟೆಕಿಚ್ಚು ಅಂತೀರಿ. ನೋಡಿ, ಎಷ್ಟು ಜನ ಬಂದಿದ್ದೀರಿ. ಮಾಯಸಂದ್ರದಿಂದ, ನೊಣವಿನಕೆರೆಯಿಂದ ಬಸ್ಸು ಹಿಡಿದು ಬಂದಿದ್ದೀರಿ. ನಾನು ಸತ್ತರೆ ಇದರಲ್ಲಿ ಕಾಲುಭಾಗ ಬರಲ್ಲ. ಇಷ್ಟು ಹೊತ್ತು ಅಲ್ಲಿ ಕೂತು ಅದನ್ನೇ ಯೋಚನೆ ಮಾಡ್ತಿದ್ದೆ. ಆ ಸಾವಾದರೂ ಎಂಥದು — ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಒಬ್ಬರ ಕೈಲೂ ಒಂದು ಲೋಟ ನೀರು ತರಿಸಿಕೊಳ್ಳಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ನಾವಿಬ್ಬರೂ ಒಂದೇ ವಾರ ಈ ಮಂಡಿಗೆ ಸೇರಿದವರು. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಕುಕ್ಕಿ ಸುಲಿಯೋ ಕೆಲಸ. ದಿನಕ್ಕೆ ಅವನಿಗಿಂತ ನೂರಿನ್ನೂರು ಕಾಯಿ ಹೆಚ್ಚಿಗೇ ಸುಲೀತಿದ್ದೆ, ಇದನ್ನು ಕಂಡವರು ಇಲ್ಲೇ ಇದ್ದಾರೆ. ಆದರೆ ಸಾಹುಕಾರರು ಕರೀತಿದ್ದುದು ಅವನನ್ನೇ. "ಸಿದ್ದಯ್ಯ, ಈ ಅಟ್ಟ ಆಯ್ತಾ ನೋಡು."

ನಮ್ಮ ಸೀಮೆಯ ಉಂಡೆ ಕೊಬ್ಬರಿ ನಿಮಗೆ ಹೊಸದಲ್ಲ. ಕಾಯಿ ವರ್ಷಗಟ್ಟಲೆ ಅಟ್ಟದ ಮೇಲೆ ಕೂರಬೇಕು. ಒಳಗಿನ ನೀರು ಬತ್ತಿ, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಅಲ್ಲಿವರೆಗೆ ಕೈ ಹಾಕಿದರೆ ಕೆಟ್ಟಿತು. ಇವನು ಒಂದು ಕಾಯಿ ತೆಗೆದು, ಕಿವಿ ಹತ್ತಿರ ಹೀಗೆ — ಹೀಗೆ ಎರಡು ಸಲ ಅಲ್ಲಾಡಿಸೋನು. "ಇನ್ನೊಂದ್ ತಿಂಗ್ಳು ಬುಡಿ ಸ್ವಾಮಿ" ಅನ್ನೋನು. ತಿಂಗಳು ಅಂದರೆ ತಿಂಗಳೇ.

ತೊಂಬತ್ತಾರನೇ ಇಸವಿ. ಅವನಿಗೆ ಐವತ್ತೆರಡು. ಒಂದು ದಿನ ಹಾರೆ ಬಿಟ್ಟು ಎದ್ದ. ಯಾಕಪ್ಪ, ಸೊಂಟ ಹೋಯ್ತಾ ಅಂತ ಕೇಳಿದೆ. "ಇಲ್ಲ ಕಣ್ಲಾ, ಇನ್ನೂ ಚೆನ್ನಾಗೈತೆ. ಅದ್ಕೇ ಬುಡ್ತಾ ಇವ್ನಿ" ಅಂದ. ನಮ್ಮ ಕಸುಬಲ್ಲಿ ಸೊಂಟ ಹೋದ ಮೇಲೆ ಬಿಡೋದು ಪದ್ಧತಿ. ಚೆನ್ನಾಗಿರುವಾಗಲೇ ಬಿಟ್ಟವನು ಇವನೊಬ್ಬ. ಸಾಹುಕಾರರನ್ನು ಕೇಳಿ ಅಗಲವಾದ ಒಂದು ಮಣೆ ಹಾಕಿಸಿಕೊಂಡ. ಕೂತಲ್ಲೇ ಒಂದೊಂದು ಕಾಯಿಯನ್ನೂ ಪರೀಕ್ಷೆ ಮಾಡಿ ಬೇರೆ ಮಾಡೋ ಕೆಲಸ. ನಾನು ಟೀ ಅಂಗಡಿಯಲ್ಲಿ ನಿಂತು, ಮುದುಕಿ ಕೆಲಸಕ್ಕೆ ಕೂತ ಅಂತ ಎಲ್ಲರ ಮುಂದೆ ಆಡಿಕೊಂಡೆ. ಒಂದು ಸಲ ಅಲ್ಲ, ವರ್ಷಾನುಗಟ್ಟಲೆ ಆಡಿಕೊಂಡೆ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಹೋಗೋದು ನೋಡಿದರೆ ನನಗೆ ಸೊಂಟದ ನೋವು ಇನ್ನೂ ಹೆಚ್ಚಾಗೋದು.

ಅವನು ನನ್ನನ್ನು ಕರೆದ. ಇದು ನಿಮಗೆ ಯಾರಿಗೂ ಗೊತ್ತಿಲ್ಲ. "ಲೇ ರಂಗ, ಮುಂದೆ ಸುಲಿಯಾಕೆ ಮಿಷನ್ ಬತ್ತದೆ ಕಣ್ಲಾ. ಮರ ಹತ್ತಾಕೂ ಏನಾದ್ರೂ ಬತ್ತದೆ. ಕಸುವಿನ ಕೆಲ್ಸ ಎಲ್ಲಾ ಅದ್ಕೆ ಹೋಯ್ತದೆ. ಮನ್ಸ ಮಾತ್ರ ನಮ್ಮಪ್ಪಂದಿರಿಗಿಂತ ಜಾಸ್ತಿ ದಿನ ಬದುಕ್ತಾನೆ. ಅರವತ್ತಾದ್ಮ್ಯಾಕೆ ಇಪ್ಪತ್ತು ವರ್ಷ ಜಗಲಿ ಮ್ಯಾಲೆ ಕೂತು ಏನ್ಲಾ ಮಾಡ್ತೀಯ? ಈ ಮಣೆ ಇಬ್ರೂ ಹಂಚ್ಕೊಳ್ಳಾನ. ಬೆಳಿಗ್ಗೆ ನಾನು, ಮಧ್ಯಾಹ್ನ ನೀನು. ಅರ್ಧ ದಿನ ಕೆಲ್ಸ, ಅರ್ಧ ದಿನ ಮೊಮ್ಮಕ್ಳು."

ನಾನೇನಂದೆ ಗೊತ್ತಾ — "ನಿನ್ನ ಎಂಜಲು ಮಣೆ ನಂಗೆ ಬ್ಯಾಡ."

ಮಿಷನ್ ಬಂತು. ಅಷ್ಟರಲ್ಲಿ ನನ್ನ ಸೊಂಟವೂ ಹೋಗಿತ್ತು. ಸಾಹುಕಾರರು ದೊಡ್ಡ ಮನಸ್ಸು ಮಾಡಿ ಸಿಪ್ಪೆ ಗುಡಿಸೋಕೆ ಇಟ್ಟುಕೊಂಡರು. ಗುಡಿಸುತ್ತಾ ಗುಡಿಸುತ್ತಾ ಆ ಮಣೆ ಸುತ್ತಲೇ ಸುತ್ತುತ್ತಿದ್ದೆ.

ಈಗ ಹೇಳಬೇಕಾದ ಮಾತಿಗೆ ಬರ್ತೀನಿ. ಹೋದ ವರ್ಷ ಅತ್ತಿಗೆಯ ಕಣ್ಣಿನ ಆಪರೇಷನ್ನಿಗೆ ಅಂತ ಅವನು ತುಮಕೂರಿಗೆ ಹೋದ. ಆಗ ಸಾಹುಕಾರರು ನನ್ನ ಕೇಳಿದರು — "ರಂಗಯ್ಯ, ನೊಣವಿನಕೆರೆ ತೋಟದ ಅಟ್ಟ ಆಯ್ತಾ?" ನನ್ನನ್ನು ಕೇಳಿದರು. ಅಷ್ಟು ವರ್ಷದಲ್ಲಿ ಮೊದಲನೇ ಸಲ. ನಾನು ಅಟ್ಟ ಹತ್ತಿ, ಒಂದು ಕಾಯಿ ತೆಗೆದು, ಅವನ ಹಾಗೇ ಕಿವಿ ಹತ್ತಿರ ಅಲ್ಲಾಡಿಸಿದೆ. ಏನೋ ಕೇಳಿಸಿತು. ಆಸೆ ಇದ್ದವನಿಗೆ ಏನು ಬೇಕಾದರೂ ಕೇಳಿಸುತ್ತೆ. "ಆಗೈತೆ ಸ್ವಾಮಿ" ಅಂದೆ.

ಇಡೀ ಅಟ್ಟ ಇಳಿಸಿದರು. ಸುಲಿದರು, ಒಡೆದರು. ಕೊಬ್ಬರಿ ಇನ್ನೂ ಚಿಪ್ಪು ಕಚ್ಚಿಕೊಂಡಿತ್ತು. ಉಂಡೆ ಅನ್ನೋ ಹಾಗೆ ಒಂದೂ ಬರಲಿಲ್ಲ, ಎಲ್ಲಾ ಚೂರು.

ಅವನು ತುಮಕೂರಿಂದ ಬಂದ. ರಾಶಿ ನೋಡಿದ, ನನ್ನ ಮುಖ ನೋಡಿದ. ಸಾಹುಕಾರರು ಬಾಯಿ ತೆಗೆಯೋ ಮುಂಚೆ, "ಹೋಗಾಕ್ ಮುಂಚೆ ಆಗೈತೆ ಅಂತ ನಾನೇ ರಂಗಂಗೆ ಹೇಳಿದ್ದೆ ಸ್ವಾಮಿ" ಅಂದ. ಸಾಹುಕಾರ್ರೇ, ಅವತ್ತು ನೀವು ಎಲ್ಲರೆದುರು ಬೈದಿರಿ. ತಪ್ಪು ಮನುಷ್ಯನಿಗೆ ಬೈದಿರಿ. ಅತ್ತಿಗೆ, ನಿಮಗೂ ಅವನು ಹೇಳಿರಲಿಕ್ಕಿಲ್ಲ. ತಪ್ಪು ನನ್ನದು.

ನೀರಿನ ಗಡಿಗೆ ಹತ್ತಿರ ಹೋಗಿ ಹಿಂದಿನಿಂದ ಕೇಳಿದೆ, ಯಾಕ್ಲಾ ಹಂಗಂದೆ ಅಂತ. ಉತ್ತರ ಇಲ್ಲ. ಮತ್ತೆ ಕೇಳಿದೆ. ಇಲ್ಲ. ಎದುರಿಗೆ ಹೋಗಿ ನಿಂತೆ. ನನ್ನ ತುಟಿ ನೋಡಿ, "ನಿಂಗಾದ್ರೆ ಕೆಲ್ಸ ಬುಡಿಸ್ತಾರೆ. ನಂಗೆ ಬೈತಾರೆ, ಅಷ್ಟೇಯ" ಅಂದ. ಆಮೇಲೆ ನಕ್ಕು ಹೇಳಿದ — "ಕಿವಿ ಹೋಗಿ ನಾಕು ವರ್ಷ ಆಯ್ತು ಕಣ್ಲಾ. ಕಾಯಿ ಅಂಗೈಗೆ ಹೇಳ್ತದೆ. ಕಿವಿ ಹತ್ರ ಹಿಡಿಯೋದು ಬರೀ ಅಭ್ಯಾಸ."

ಅಷ್ಟು ವರ್ಷ ನಾನು ಅವನ ಕಿವಿ ನೋಡಿಕೊಂಡು ಉರಿದಿದ್ದೆ. ಕೈ ನೋಡಿರಲಿಲ್ಲ. ಉಪಕಾರ ಅಂದೆನಾ? ಇಲ್ಲ. ಮನೆಗೆ ಹೋಗಿ ಊಟ ಬಿಟ್ಟೆ. ದೊಡ್ಡ ಮನುಷ್ಯ ಆಗೋದೂ ಅವನ ಪಾಲಿಗೇ ಬಂತಲ್ಲ ಅಂತ.

ಮೊನ್ನೆ ಸಾಹುಕಾರರು ನನ್ನ ಕರೆದು, ಸೋಮವಾರದಿಂದ ಮಣೆ ನಿಂದು ಅಂದರು. ಎಂಟು ವರ್ಷ ಕಣ್ಣಿಟ್ಟಿದ್ದ ಮಣೆ. ಸ್ವಾಮಿ, ನನಗೆ ಆ ಕೆಲಸ ಬರಲ್ಲ. ಬರೋದು ಬೋರಕ್ಕನಿಗೆ. ಪಕ್ಕದಲ್ಲಿ ಚಿಪ್ಪು ಒಡೆಯುತ್ತಿದ್ದವಳ ಅಂಗೈಯಲ್ಲಿ ಕಾಯಿ ಇಟ್ಟು ಅವನು ಕಲಿಸೋದನ್ನ ನಾನೇ ಕಂಡಿದ್ದೀನಿ. ಬೆಳಿಗ್ಗೆ ಅವಳು ಕೂರಲಿ. ಮಧ್ಯಾಹ್ನ ನಾನು ಕೂರ್ತೀನಿ, ಅವಳು ಹೇಳಿಕೊಡಲಿ. ಐವತ್ತೊಂಬತ್ತಕ್ಕೆ ಕಲಿಯಬಾರದು ಅಂತೇನಿಲ್ಲ. ತಲೆ ಎತ್ತು ಬೋರಕ್ಕ. ನಿನ್ನ ಮೇಲೂ ಆಗಲೇ ಹೊಟ್ಟೆಕಿಚ್ಚು ಶುರುವಾಗಿದೆ, ಹುಷಾರಾಗಿರು.

ಈಗ ಎಲ್ಲರೂ ಎದ್ದು ನಿಲ್ಲಬೇಕು ಅಂತ ಕೇಳ್ಕೋತೀನಿ. ಸೊಂಟ ನೋಯುವವರು ಕೂತೇ ಇರಿ, ಅವನು ಬೇಜಾರು ಮಾಡ್ಕೊಳ್ಳಲ್ಲ. ಮಿಷನ್ ನಿಲ್ಲಿಸಿದ್ದಾರೆ. ಒಂದು ನಿಮಿಷ ಸದ್ದಿಲ್ಲದೆ ನಿಲ್ಲೋಣ. ಅವನು ಐದು ವರ್ಷ ನಮ್ಮ ಮಧ್ಯೆ ಹೀಗೇ ಸದ್ದಿಲ್ಲದೆ ಇದ್ದ. ಕಿವಿ ಇಲ್ಲದವನಿಗೆ ನನ್ನ ಕೆಟ್ಟ ಮಾತು ಕೇಳಿಸಿರಲಿಕ್ಕಿಲ್ಲ ಅಂತ ಸ್ವಲ್ಪ ದಿನ ಸಮಾಧಾನ ಮಾಡ್ಕೊಂಡೆ. ಆಮೇಲೆ ನೆನಪಾಯ್ತು — ಅವನು ತುಟಿ ನೋಡ್ತಿದ್ದ. ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ದಿನಾ ಮಧ್ಯಾಹ್ನ ಆ ಮಣೆ ಮೇಲೆ ಒಂದು ಕಡೆ ಸರಿದು, ನನಗೆ ಜಾಗ ಬಿಟ್ಟು ಕೂರ್ತಿದ್ದ.

ಏಳಿ.