ಸತ್ತ ರಾಜ ಎದ್ದು ಹಾಡಿದ ಮಂದಿರ

ವೇದಿಕೆಯ ಮೇಲಿರುವ ಟ್ರಸ್ಟಿನ ಅಧ್ಯಕ್ಷರಾದ ಗೋಪಾಲಪ್ಪನವರೇ, ಅತಿಥಿಗಳೇ, ತೂಬಗೆರೆಯಿಂದ ಟ್ರ್ಯಾಕ್ಟರ್ ಹತ್ತಿ ಬಂದಿರುವ ನೆಂಟರೇ, ಇವತ್ತೊಂದು ದಿನ ಮಗ್ಗ ನಿಲ್ಲಿಸಿ ಬಂದಿರುವ ದೊಡ್ಡಬಳ್ಳಾಪುರದ ಸಭಿಕರೇ,

ಸಾವಿರದ ಒಂಬೈನೂರ ಹನ್ನೆರಡರಲ್ಲಿ ಕಟ್ಟಿದ ನಮ್ಮ ನಾಟಕ ಮಂದಿರ ಇವತ್ತು, ತೊಂಬತ್ತನಾಲ್ಕನೇ ಇಸವಿಯಲ್ಲಿ, ಮತ್ತೆ ಬಾಗಿಲು ತೆರೆದಿದೆ! ಚಪ್ಪಾಳೆ ಜೋರಾಗಿ ಬರಲಿ. ಹೆದರಬೇಡಿ, ಹೆಂಚು ಬೀಳೋದಿಲ್ಲ, ಹೊಸದಾಗಿ ಹೊದಿಸಿದ್ದೇವೆ.

ಇದನ್ನು ಕಟ್ಟಿದವರು ಯಾರು? ಮಹಾರಾಜರೇ? ದಿವಾನರೇ? ಅಲ್ಲ ಸ್ವಾಮಿ. ಮಾಕಳಿದುರ್ಗದ ಕಡೆಯಿಂದ ಗಾಡಿಯಲ್ಲಿ ಕಲ್ಲು ಹೇರಿದ ರೈತರು, ಪರದೆಗೆ ಬಟ್ಟೆ ನೇಯ್ದುಕೊಟ್ಟ ನೇಕಾರರು. ದೊಡ್ಡ ದೊಡ್ಡ ನಾಟಕ ಕಂಪನಿಗಳು ಇಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದವು. ಗಂಡಸರು ಕೆಳಗೆ. ಹೆಂಗಸರು ಮಹಡಿಯಲ್ಲಿ, ಬಿದಿರು ತಟ್ಟಿಯ ಹಿಂದೆ. ಅವರು ನೋಡಬಹುದಿತ್ತು, ಕೂಗುವ ಹಾಗಿರಲಿಲ್ಲ.

ನಿಮ್ಮ ಮುಂದೆ ನಿಂತಿರುವ ಈ ಬೀರೇಶನ ತಂದೆ ಅಪ್ಪಯ್ಯಣ್ಣನವರು ಹಗಲು ರಾಗಿ ಹೊಲದಲ್ಲಿ, ಸಂಜೆಯಾದರೆ ಇಲ್ಲಿ ರಾಜನ ಪಾತ್ರದಲ್ಲಿ. ಬಾಣ ತಗಲಿ, ಹಾಡುತ್ತಾ ಹಾಡುತ್ತಾ ಸಾಯೋರು. ಜನ ಬಿಡಬೇಕಲ್ಲ! "ಒನ್ಸ್ ಮೋರ್!" ಸತ್ತವರು ಎದ್ದು, ಮೀಸೆ ಸರಿಮಾಡಿಕೊಂಡು, ಮತ್ತೆ ಹಾಡಿ ಮತ್ತೆ ಸಾಯೋರು. ಎಲ್ಲಾದರೂ ಕಂಡಿದ್ದೀರಾ ಇಂಥ ಸಾವು?

ಅವರು ನಿಜವಾಗಿ ಹೋದ ದಿನ... ಇದನ್ನು ಹೇಳಬೇಕೆಂದುಕೊಂಡು ಬಂದಿರಲಿಲ್ಲ. ಎಲ್ಲರೂ ಅಳುತ್ತಿದ್ದರು. ನಮ್ಮಮ್ಮ ಮುನಿಗಂಗಮ್ಮ ಮಾತ್ರ ಅವರ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ, "ಒನ್ಸ್ ಮೋರ್" ಅಂದಳು. ಅಪ್ಪ ಏಳಲಿಲ್ಲ.

ಇರಲಿ. ನಾಲ್ಕು ವರ್ಷದ ಹಿಂದೆ ಇದೇ ಅಂಗಳದಲ್ಲಿ ಟ್ರಸ್ಟಿನ ಸಭೆ ಸೇರಿತ್ತು. ಮಂದಿರ ಕೆಡವಿ ಅಂಗಡಿ ಕಾಂಪ್ಲೆಕ್ಸ್ ಕಟ್ಟುವ ಮಾತು. "ಇದು ಸತ್ತುಹೋದ ಕಟ್ಟಡ ಕಣ್ರಪ್ಪಾ" ಅಂದವರು ಯಾರು? ಅಧ್ಯಕ್ಷರೇ, ತಲೆ ತಗ್ಗಿಸಬೇಡಿ, ಇವತ್ತು ನಿಮಗೂ ಹಾರ ಹಾಕಿದ್ದೇವೆ! ಆಗ ನಮ್ಮಮ್ಮ ಎದ್ದು ನಿಂತಳು. "ಸತ್ತೋರು ಎದ್ದು ಹಾಡೋದನ್ನ ಇಲ್ಲೇ ನೋಡಿದೀನಿ ಕಣಣ್ಣೋ. ಒನ್ಸ್ ಮೋರ್!" ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿದವಳಲ್ಲ. ಅವಳ ಹಿಂದೆ ಹೆಂಗಸರೆಲ್ಲ ಕೂಗಿದರು, ಆಮೇಲೆ ಊರಿಗೆ ಊರೇ ಕೂಗಿತು. ಕಾಂಪ್ಲೆಕ್ಸಿನ ಮಾತು ಅಲ್ಲಿಗೇ ಮುಗೀತು. ಮತ್ತೆ ಕಲ್ಲು ಬಂತು, ಮತ್ತೆ ಪರದೆ ಬಂತು. ಗೆದ್ದೆವು ಸ್ವಾಮಿ, ಗೆದ್ದೆವು! ಮಹಡಿಯ ಬಿದಿರು ತಟ್ಟಿಯನ್ನು ಮಾತ್ರ ಮತ್ತೆ ಕಟ್ಟಲಿಲ್ಲ.

ಕಲ್ಲು ಹೊತ್ತವರಿಗೆ, ಪರದೆ ನೇಯ್ದವರಿಗೆ, ಗಂಟಲು ಕಟ್ಟುವಂತೆ ಕೂಗಿದವರಿಗೆ ನನ್ನ ಧನ್ಯವಾದ. ಬಣ್ಣ ಹಚ್ಚಿಕೊಳ್ಳೋಕೆ ಹೊತ್ತಾಯಿತು. ಅಮ್ಮಾ, ಮುಂದಿನ ಸಾಲಲ್ಲೇ ಕೂತಿದ್ದೀಯಲ್ಲ, ಕೇಳು. ಇವತ್ತು ಅಪ್ಪನ ಪಾತ್ರ ನಾನು ಮಾಡ್ತಿದ್ದೀನಿ. ಬಾಣ ತಗಲಿ ಬಿದ್ದಾಗ ಮೆಲ್ಲಗೆ ಅನ್ನಬೇಡ, ಜೋರಾಗಿ ಕೂಗು. ನಾನು ಎದ್ದೇ ಏಳ್ತೀನಿ.

ನಮಸ್ಕಾರ.