ಕಿಂಗ್ಲೆಟ್ ಹಕ್ಕಿ ಕೂಗಿದ್ದು

ದ್ವೀಪಕ್ಕೆ ಹೋಗುವ ಹಡಗಿಗೆ ಕಾಯುವ ಸಾಲಿನಲ್ಲಿ, ಪ್ರಯಾಣಿಕಳಾದ ಕೊರಿನ್‌ಳ ಮುಂದೆ, ಇಬ್ಬರು ಸೈಕಲ್ ಹಿಡಿದು ನಿಂತಿದ್ದರು. ಶಾಲೆಯಿಂದ ಶಾಲೆಗೆ ಕಥೆ ಹೇಳಿಕೊಂಡು ತಿರುಗುವ ಮುದುಕ ವೆಂಡೆಲ್, ಅವನ ಹೆಂಡತಿ ಆರ್ಡಿಸ್. ಇಬ್ಬರ ಕೊರಳಲ್ಲೂ ದುರ್ಬೀನು.

"ಆ ಮರದಲ್ಲಿ ಕಿಂಗ್ಲೆಟ್ ಕೂಗ್ತಿದೆ. ಕೇಳಿಸ್ತಾ?" ಆರ್ಡಿಸ್ ಕೇಳಿದಳು.

"ಇಲ್ಲ. ವಯಸ್ಸಾದ್ರೆ ಮೊದಲು ಹೋಗೋದೇ ಆ ಸಣ್ಣ ದನಿ."

"ಮಕ್ಕಳದ್ದೂ ಸಣ್ಣ ದನೀನೇ ಕಣೋ ಮುದುಕಪ್ಪ."

"ಮುಖ ನೋಡಿದ್ರೆ ಗೊತ್ತಾಗತ್ತೆ ಬಿಡು."

"ನಿನ್ನೆ ಶಾಲೇಲಿ ಮುಂದೆ ಕೂತಿದ್ದ ಹುಡುಗಿ ಏನೋ ಕೇಳಿದ್ಲಲ್ಲ, ಗೊತ್ತಾಯ್ತಾ?"

"ಏನು ಕೇಳಿದ್ಲು?"

"ನಿನ್ನ ಕಥೇಲಿ ತಾಯಿತೋಳ ಸತ್ತಮೇಲೆ ಮರಿಗಳಿಗೆ ಯಾರು ದಿಕ್ಕು ಅಂತ."

"ನಾನೇನಂದೆ?"

"ಜೋರಾಗಿ ನಕ್ಕುಬಿಟ್ಟೆ."

ವೆಂಡೆಲ್ ಮರದ ಕಡೆಗೇ ನೋಡುತ್ತಿದ್ದ. ಹಡಗು ಹತ್ತುವ ಗೇಟು ತೆರೆಯಿತು.

"ದ್ವೀಪದ ಶಾಲೆಗೆ ನೀನೇ ಫೋನ್ ಮಾಡು, ಇವತ್ತು ಕಥೆ ಹೇಳೋಕೆ ಬರಲ್ಲ ಅನ್ನು," ಎಂದ.

ಇಬ್ಬರೂ ಸೈಕಲ್ ತಿರುಗಿಸಿಕೊಂಡು ಸಾಲಿನಿಂದ ಹೊರಗೆ ನಡೆದರು.