ಕಲೆ ಬಿದ್ದದ್ದು ಮನೆಗೆ

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಹಣ್ಣಿನ ವರ್ತಕರ ಸಂಘದ ಅಧ್ಯಕ್ಷರೇ, ಈಗಷ್ಟೇ ಸನ್ಮಾನ ಸ್ವೀಕರಿಸಿದ ನನ್ನ ಮಾವನವರೇ, ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ, ಒಲೆ ಮೇಲೆ ಹಾಲಿಟ್ಟು ಬಂದವರಂತೆ ಕುಳಿತಿರುವ ಅತ್ತೆಯವರೇ, ಹಿಂದೆ ನಿಂತು ನನ್ನ ಫೋಟೋ ತೆಗೆಯುತ್ತಲೇ ಇರುವ ನನ್ನ ಮುದ್ದಿನ ಪತಿದೇವರೇ ಮತ್ತು ಸಭಿಕರೇ,

‘ಹಣ್ಣು ಸವಿಯೋಣ, ಆರೋಗ್ಯವಾಗಿರೋಣ’ ಎಂಬ ವಿಷಯದ ಮೇಲೆ ಐದು ನಿಮಿಷ ಮಾತನಾಡಲು ನನಗೆ ಹೇಳಿದ್ದಾರೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪಿದರೆ ಕ್ಷಮಿಸಿ. ಹಣ್ಣಿನ ವಿಷಯದಲ್ಲಿ ತಪ್ಪಿದರೆ ಮಾತ್ರ ಕ್ಷಮಿಸಬೇಡಿ. ಹಣ್ಣಿನಂಗಡಿಯ ಸೊಸೆಯಾಗಿ ನನಗೆ ನಲವತ್ತೊಂದು ದಿನಗಳ ಅನುಭವವಿದೆ!

ಮದುವೆ ಗೊತ್ತಾದಾಗ ಗೆಳತಿಯರು ಹೊಟ್ಟೆ ಉರಿದುಕೊಂಡರು. “ದಿನಾ ಮಾವು, ದಿನಾ ಪಪ್ಪಾಯಿ! ಇನ್ನು ನಿನ್ನ ಮುಖ ನೋಡೋಕಾಗುತ್ತೇನೇ, ಫಳಫಳ!” ಎಂದರು. ನಾನು ಇವರನ್ನು ಒಪ್ಪಿದ್ದು ಹಣ್ಣಿಗಾಗಿ ಅಲ್ಲ, ಕೆನ್ನೆಯ ಗುಳಿಗಾಗಿ. ಆದರೆ ಹಣ್ಣು ಅಡ್ಡ ಬಂದಿತೆಂದು ಹೇಳಲಾರೆ.

ಮದುವೆಯಾದ ಮೂರನೆಯ ದಿನ, ಅಂಗಡಿಗೆ ಹೊರಟಿದ್ದ ಪೆಟ್ಟಿಗೆಯಿಂದ ಒಂದು ಮಾವಿನಹಣ್ಣು ಎತ್ತಿಕೊಂಡು ಚಾಕು ಹಿಡಿದೆ. ಮಾವನವರು ಚಪ್ಪಲಿ ಬಿಟ್ಟು ಓಡಿಬಂದರು.

“ಏಯ್ ಏಯ್, ಏನಮ್ಮಾ ಇದು! ಚೆನ್ನಾಗಿರೋದನ್ನ ನಾವೇ ತಿಂದ್ರೆ ಗಿರಾಕಿಗೇನು ಸಿಪ್ಪೆ ಕೊಡ್ಲಾ?”

ಅಂದು ನನಗೆ ಮನೆಯ ನಿಯಮ ತಿಳಿಯಿತು: ಚೆನ್ನಾಗಿದ್ದದ್ದು ಅಂಗಡಿಗೆ, ಕಲೆ ಬಿದ್ದದ್ದು ಮನೆಗೆ. ಎಂಥ ಸುಂದರ ವ್ಯವಸ್ಥೆ! ಸಂಜೆ ಮೆತ್ತಗಾದ ಹಣ್ಣೆಲ್ಲ ಮನೆಗೆ ಬರುತ್ತದೆ. ಅತ್ತೆ ಅಡುಗೆಮನೆಯಲ್ಲಿ ಕುಳಿತು ಕಪ್ಪಾದ ಭಾಗ ಕೆತ್ತುತ್ತಾರೆ. ಉಳಿದುದರಲ್ಲಿ ದೊಡ್ಡ ಹೋಳು ಮಾವನವರಿಗೆ, ಸಣ್ಣದು ಮಗನಿಗೆ, ಈಗ ಒಂದು ಚೂರು ನನಗೂ. ಅತ್ತೆಗೆ? ಅತ್ತೆಗೆ ಮಾವಿನ ಓಟೆ. ಓಟೆಯಲ್ಲಿ ಯಾವ ವಿಟಮಿನ್ ಇದೆಯೆಂದು ತುಂಬಾ ಹುಡುಕಿದೆ, ಸಭಿಕರೇ. ಸಿಗಲಿಲ್ಲ.

ಕಳೆದ ವಾರ ಅತ್ತೆಗೆ ತಲೆಸುತ್ತು ಬಂತು. ರಕ್ತ ಕಡಿಮೆಯಾಗಿದೆ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, “ಜೊತೆಗೆ ಸೀಬೆ, ಪಪ್ಪಾಯಿ ಚೆನ್ನಾಗಿ ತಿನ್ನಿ. ಆಗ ಊಟದಲ್ಲಿರೋ ಕಬ್ಬಿಣದಂಶ ಮೈಗೆ ಹತ್ತುತ್ತೆ” ಎಂದರು. ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮನೇಲಿ ಹಣ್ಣಿಗೇನು ಬರ ಡಾಕ್ಟ್ರೇ!”

ಅತ್ತೆಯೂ ನಕ್ಕರು. ಮನೆಗೆ ಬಂದ ಮೇಲೆ ನನ್ನೊಬ್ಬಳಿಗೇ ಹೇಳಿದರು: “ಮದುವೆಯಾದ ಹೊಸತರಲ್ಲಿ ಒಂದು ಇಡೀ ಹಣ್ಣು ತಿಂದಿದ್ದೆ ಕಣೇ. ನಿಮ್ಮ ಮಾವ ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ಆಸೇನೇ ಹೋಯ್ತು.” ಇದನ್ನು ಯಾರಿಗೂ ಹೇಳಬೇಡ ಎಂದಿದ್ದರು. ಅಯ್ಯೋ, ಹೇಳಿಬಿಟ್ಟೆನಲ್ಲ!

ಇರಲಿ, ಸನ್ಮಾನದ ವಿಷಯಕ್ಕೆ ಬರೋಣ. ಮಾವನವರಿಗೆ ಕೊಟ್ಟ, ಮೇಜಿನ ಮೇಲಿರುವ ಈ ಭವ್ಯ ಹಣ್ಣಿನ ಬುಟ್ಟಿ ಬೆಳಿಗ್ಗೆ ನಮ್ಮ ಅಂಗಡಿಯಿಂದಲೇ ಬಂದದ್ದು. ರಾತ್ರಿಯೊಳಗೆ ಅಲ್ಲಿಗೇ ಮರಳುತ್ತದೆ. ನಾಳೆ ಇನ್ನೊಬ್ಬ ಮಹನೀಯರಿಗೆ ಸಲ್ಲುತ್ತದೆ. ಹೋದ ತಿಂಗಳು ಒಂದೇ ಅನಾನಸ್ ಮೂರು ವೇದಿಕೆ ಹತ್ತಿತಂತೆ. ಈ ಸಭಾಂಗಣದಲ್ಲಿರುವ ಎಷ್ಟು ಜನರಿಗೆ ಅಷ್ಟು ಸನ್ಮಾನವಾಗಿದೆ, ಹೇಳಿ?

ಆದರೆ ಮಾವನವರೇ, ಕಾರ್ಯಕ್ರಮಕ್ಕೆ ಮೊದಲು ವೇದಿಕೆಯ ಹಿಂದೆ ನಾನೂ ಬುಟ್ಟಿಯೂ ಸ್ವಲ್ಪ ಹೊತ್ತು ಇಬ್ಬರೇ ಇದ್ದೆವು. ಪಪ್ಪಾಯಿ, ಸೀಬೆ, ಮಾವು, ಒಂದೊಂದನ್ನೂ ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿದ್ದೇನೆ. ಅನಾನಸ್ ಒತ್ತಲಾಗಲಿಲ್ಲ, ಜುಟ್ಟು ತಿರುಚಿ ಕಿತ್ತಿದ್ದೇನೆ. ಆ ಜುಟ್ಟು ನನ್ನ ಬ್ಯಾಗಿನಲ್ಲಿದೆ. ಇನ್ನು ಇವನ್ನು ಗಿರಾಕಿಗೆ ಕೊಡುವಂತಿಲ್ಲ. ಕೋಪಿಸಿಕೊಳ್ಳಬೇಡಿ, ನಿಯಮ ನಿಮ್ಮದೇ: ಕಲೆ ಬಿದ್ದದ್ದು ಮನೆಗೆ.

ಅತ್ತೆ, ಎಲ್ಲಕ್ಕಿಂತ ಮೇಲಿರುವ ಮಾವಿನಹಣ್ಣನ್ನು ಮಾತ್ರ ನಾನು ಮುಟ್ಟಿಲ್ಲ. ಅದಕ್ಕೆ ಕಲೆ ಮಾಡುವ ಕೆಲಸ ನಿಮ್ಮದು. ಇಲ್ಲೇ, ಈಗಲೇ, ಹಲ್ಲಿನಿಂದ. ಚಾಕು ತಂದಿಲ್ಲ, ಹಂಚುವ ಹಾಗೂ ಇಲ್ಲ.

ಅಯ್ಯೋ, ಎದ್ದೇಬಿಟ್ಟರು! ದಾರಿ ಬಿಡಿ, ದಾರಿ ಬಿಡಿ. ರೀ, ಸಾಕು ನನ್ನ ಫೋಟೋ, ಅಮ್ಮನದು ತೆಗೀರಿ!

ನೋಡಿ, ಮಾವನವರು ಕರವಸ್ತ್ರ ಹೊರತೆಗೆದರು. ತಮ್ಮ ಬೆವರಿಗೆಂದುಕೊಂಡೆ. ಅಲ್ಲ, ಅತ್ತೆಯ ಮೊಣಕೈವರೆಗೆ ಇಳಿಯುತ್ತಿರುವ ರಸಕ್ಕೆ.

ತಾಳ್ಮೆಯಿಂದ ಕೇಳಿದ ನಿಮಗೆ, ಗಡಿಯಾರ ಮರೆತ ಅಧ್ಯಕ್ಷರಿಗೆ ನನ್ನ ವಂದನೆಗಳು. ನನ್ನ ಐದು ನಿಮಿಷ ಮುಗಿದಿದೆ. ಅತ್ತೆಯ ಹಣ್ಣು ಮುಗಿಯುವವರೆಗೆ ದಯವಿಟ್ಟು ಯಾರೂ ಏಳಬೇಡಿ. ನಮಸ್ಕಾರ.